ಎದುರಿನ ಲಾಂಚಿನಲ್ಲಿ ಕಂಡವರು

ಹೊಸನಗರ
19-8-2025

ಇವರಿಗೆ,

ನಮಸ್ಕಾರ. ನಿಮ್ಮ ಫೋನನ್ನು ತನಿಖೆಯವರು ಕಿತ್ತುಕೊಂಡು ಹೋದದ್ದು ಟೀವಿಯಿಂದ ತಿಳಿಯಿತು. ಗಂಡನ ಸುದ್ದಿ ಟೀವಿಯಲ್ಲಿ ನೋಡುವ ಭಾಗ್ಯ ಸಿನಿಮಾದವರ ಹೆಂಡತಿಯರಿಗೆ ಮಾತ್ರ ಅಂದುಕೊಂಡಿದ್ದೆ. ಅದಕ್ಕೇ ಈ ಕಾಗದ. ಪೋಸ್ಟಿನ ಜಟ್ಟಿಂಗಪ್ಪ, "ಕೈಯಲ್ಲಿ ಬರೆದ ಕಾಗದ ನೋಡದೆ ಯಾವ ಕಾಲ ಆಯ್ತು, ಇದಕ್ಕೆ ಎಷ್ಟು ಸ್ಟಾಂಪು ಅಂತ ಕೇಳ್ಕಂಡು ಬರ್ತೀನಿ ತಡೀರಿ" ಅಂದ.

ಟೀವಿಯವರು ತೋರಿಸುತ್ತಿರುವುದು ನಿಮ್ಮ ಹಳೆಯ ಫೋಟೋ, ಕೋಟು ಹಾಕಿಕೊಂಡು ಹಲ್ಲುನೋವು ಬಂದವರ ಹಾಗೆ ನಗುತ್ತಿದ್ದೀರಲ್ಲ, ಅದು. ಅದರ ಸುತ್ತ ಒಂದು ಕೆಂಪು ವೃತ್ತ. ಎದುರಿನ ಟೀ ಅಂಗಡಿಯ ಕನ್ನಮ್ಮ ರಸ್ತೆ ದಾಟಿ ಬಂದು ಕೇಳಿದಳು: "ಎಂತ ಶರಾವತಕ್ಕ, ನಿಮ್ಮನೆಯೋರು ದುಬೈಗೆ ಹೋಗಿದ್ರಂತೆ? ಹೋದೋರು ಒಂದು ಬಾಟ್ಲಿ ಸೆಂಟಾದ್ರೂ ತಂದ್ಕೊಟ್ರಾ ಇಲ್ವಾ?" ತಂದಿಲ್ಲ ಮಾರಾಯ್ತಿ ಎಂದೆ.

ಅವರು ಹೇಳುವುದು ಇಷ್ಟು. ಗಡಿ ಕಾಯುವ ಡ್ರೋನ್ ಕೊಳ್ಳುವ ಸಮಿತಿಯಲ್ಲಿ ನೀವಿದ್ದಿರಿ. ಫೆಬ್ರವರಿಯಲ್ಲಿ ಬೆಂಗಳೂರಿನ ಸಭೆ ಮುಗಿಸಿ, ಹನ್ನೊಂದು ಮತ್ತು ಹನ್ನೆರಡನೇ ತಾರೀಕು ಫೋನ್ ಆರಿಸಿ ಕಾಣೆಯಾದಿರಿ. ಆ ಎರಡು ದಿನ ಬೇರೆ ಹೆಸರಿನಲ್ಲಿ ದುಬೈಗೆ ಹೋಗಿ ದಲ್ಲಾಳಿಯ ಜೊತೆ ಕೂತಿದ್ದಿರಿ. ಎಲ್ಲಿದ್ದಿರಿ ಎಂದರೆ ನೀವು ಬಾಯಿ ಬಿಡುತ್ತಿಲ್ಲ.

ನಾನಂತೂ ಕೇಳುವುದಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕೂಗಬಾರದು ಎಂದು ಅಮ್ಮ ಕಲಿಸಿದಳು. ಹೊರಗೆಲ್ಲಾದರೂ ನನ್ನನ್ನು ಕಂಡರೆ ಮಾತಾಡಿಸಬೇಡ, ಕಂಡೆ ಎಂದು ಯಾರಿಗೂ ಹೇಳಬೇಡ, ದೇಶದ ಕೆಲಸ ಕೆಡುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನೀವು ಕಲಿಸಿದಿರಿ. ಅಮ್ಮನಿಗೂ ನಿಮ್ಮ ಇಲಾಖೆಗೂ ಯಾವತ್ತೋ ಮಾತುಕತೆ ಆಗಿರಬೇಕು.

ಊಟ ಸರಿಯಾಗಿ ಮಾಡಿ. ಪ್ರೆಸ್ಸಿನಲ್ಲಿ ಕೆಲಸ ಕಡಿಮೆ, ಆಷಾಢ ಕಳೆದರೂ ಮದುವೆ ಪತ್ರಿಕೆಗೆ ಜನ ಬರುತ್ತಿಲ್ಲ. ಬಂದವರು ಟೀವಿ ಸುದ್ದಿ ಕೇಳಿಕೊಂಡು ಹೋಗುತ್ತಾರೆ.

ಟೀವಿ ತುಂಬ ನಿಮ್ಮ ಮುಖ,
ಊರಿಗೆಲ್ಲ ಎಂಥ ಸುಖ.

ನಿಮ್ಮ,
ಶರಾವತಿ


ನವದೆಹಲಿ
3-9-2025

ಪ್ರಿಯ ಶರಾವತಿ,

ನಿನ್ನ ಕಾಗದ ತಲುಪಿತು. ಲಕೋಟೆಯ ಅಂಟು ಎರಡು ಸಲ ಒಣಗಿದ ಹಾಗಿತ್ತು. ಆದ್ದರಿಂದ ನನ್ನದನ್ನೂ ಹಾಗೆಯೇ ಭಾವಿಸಿ ಓದು.

ಆರೋಗ್ಯವಾಗಿದ್ದೇನೆ. ಅಮಾನತಿನಲ್ಲಿರುವವನು ದೆಹಲಿ ಬಿಡುವಂತಿಲ್ಲ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಶೂ ಹಾಕಿಕೊಳ್ಳುತ್ತೇನೆ, ಆಮೇಲೆ ಬಿಚ್ಚುತ್ತೇನೆ. ಆ ಖರೀದಿಯ ಕಡತದಲ್ಲಿ ಎರಡು ಕಡೆ ಆಕ್ಷೇಪ ಬರೆದವನು ನಾನೊಬ್ಬನೇ. ಆಕ್ಷೇಪ ಬರೆದವನು ತನ್ನ ಲಂಚದ ಬೆಲೆ ಏರಿಸಲು ಬರೆದ ಎಂದು ಈಗ ವಾದ. ಉಳಿದದ್ದು ಬರೆಯುವಂತಿಲ್ಲ.

ನಿನ್ನನ್ನು ಕೇಳಲು ಇಬ್ಬರು ಬರಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳು.

ಇನ್ನೊಂದು ವಿಷಯ. ಅಂಗಡಿಯ ಬೋರ್ಡಿನ ಮೇಲೆ ಈಗ ಯಾವ ಹೆಸರಿದೆ? ಪ್ರೆಸ್ಸು ತೆರೆದ ದಿನ ನೀನು ಅದಕ್ಕೆ ರವೀಂದ್ರ ಪ್ರಿಂಟರ್ಸ್ ಎಂದು ಹೆಸರಿಟ್ಟಾಗ ನಾನು ನಕ್ಕಿದ್ದೆ. ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸು ದಿನಕ್ಕೆ ಇಪ್ಪತ್ತು ಸಲ ಫೋನೆತ್ತಿ ಅದನ್ನೇ ಹೇಳಬೇಕಾಯಿತು ಎಂದು. ಈಗ ಫೋನ್ ಬಂದರೆ ಏನೆನ್ನುತ್ತೀ? ಸುಮ್ಮನೆ ಕೇಳಿದೆ.

ಇಂತಿ,
ರವೀಂದ್ರ


ಹೊಸನಗರ
22-9-2025

ಇವರಿಗೆ,

ನೀವು ಹೇಳಿದ ಇಬ್ಬರು ಬಂದು ಹೋದರು. ಒಬ್ಬ ಹಿರಿಯ, ಕನ್ನಡದವನೇ. ಇನ್ನೊಬ್ಬ ಲ್ಯಾಪ್‌ಟಾಪಿನವನು, ಬಾಯಿಯೇ ಇಲ್ಲ. ಹೊಳೆಯುವ ಶೂ ಹಾಕಿಕೊಂಡು ನಮ್ಮ ಇಂಕಿನ ನೆಲದ ಮೇಲೆ ಬಂದರು, ಹೋಗುವಾಗ ಹೊಳಪು ನಮ್ಮಲ್ಲೇ ಉಳಿಯಿತು. ಮೆಷಿನ್ನಿನ ಪುಟ್ಟಪ್ಪ, "ಚಪ್ಪಲಿ ಬಿಟ್ಟು ಬನ್ನಿ ಅಂದ್ರೆ ಕೇಳ್ಬೇಕಲ್ಲ, ಇನ್ನು ಅದನ್ನ ಸೀಮೆಎಣ್ಣೆ ಹಾಕೇ ತಿಕ್ಕಬೇಕು ಸಾಮಿ" ಎಂದು ಸಮಾಧಾನ ಹೇಳಿದ.

ಹಿರಿಯ ಕೇಳಿದ, "ಫೆಬ್ರವರಿ ಹನ್ನೊಂದು, ಹನ್ನೆರಡನೇ ತಾರೀಕು ನಿಮ್ಮ ಯಜಮಾನರು ಈ ಕಡೆ ಬಂದಿದ್ರಾ ಅಮ್ಮಾ?"

"ಇಲ್ಲ."

"ನೀವು ಅವರನ್ನ ಎಲ್ಲಾದ್ರೂ ನೋಡಿದ್ರಾ? ಯೋಚನೆ ಮಾಡಿ ಹೇಳಿ, ಅವಸರ ಇಲ್ಲ."

"ನೋಡಿಲ್ಲ. ಯೋಚನೆ ಮಾಡಿಯೇ ಹೇಳ್ತಿದೀನಿ."

ಬರೆದುಕೊಂಡರು, ನಾನು ಸಹಿ ಹಾಕಿದೆ. ಹಿರಿಯ ತನ್ನ ನಂಬರು ಬರೆದುಕೊಟ್ಟ. ನೀವು ನಿಶ್ಚಿಂತೆಯಿಂದ ಇರಿ. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂಬ ನಿಮ್ಮ ಸಾಲು ಲಕೋಟೆ ಒಡೆದು ಓದುವವರಿಗೆ, ನನಗಲ್ಲ ಎಂದು ಓದಿದ ಕೂಡಲೇ ಗೊತ್ತಾಯಿತು. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳಿಯದಿದ್ದರೆ ಹೇಗೆ? ನೀವು ಯಾವತ್ತೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಕಾಪಾಡಬೇಕಾದ್ದನ್ನು ಕಾಪಾಡಿದ್ದೇನೆ. ಈ ಒಂದು ಸಲವಾದರೂ ನಿಮ್ಮ ಕೆಲಸದಲ್ಲಿ ನನ್ನದೂ ಒಂದು ಪಾಲು ಬಂತಲ್ಲ ಎಂದು, ಹೇಳಬಾರದು, ಸ್ವಲ್ಪ ಖುಷಿಯೇ ಆಯಿತು.

ಬೋರ್ಡಿನ ಮಾತು ಈಗ ಯಾಕೆ? ಬೋರ್ಡು ಅದರ ಜಾಗದಲ್ಲೇ ಇದೆ.

ಕೇಳಲು ಬಂದರು, ಟೀ ಕುಡಿದರು,
ಬಂದ ದಾರಿಯನೇ ಹಿಡಿದರು.

ನಿಮ್ಮ,
ಶರಾವತಿ


ನವದೆಹಲಿ
11-10-2025

ಪ್ರಿಯ ಶರಾವತಿ,

ನಿನ್ನ ಹೇಳಿಕೆಯ ಪ್ರತಿಯನ್ನು ನನ್ನ ಮುಂದಿಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ನೀನು ನೋಡಿರಲಿಲ್ಲ, ನೋಡಿಲ್ಲ ಎಂದೇ ಹೇಳಿದ್ದೀಯ. ಆದರೆ ಅದಕ್ಕೆ ಹದಿನೈದು ದಿನ ಮೊದಲು, ನಾನು ಆ ಎರಡು ದಿನ ನಮ್ಮೂರಿನ ಕಡೆ ಇದ್ದೆ ಎಂದು ಕೊನೆಗೂ ಅವರಿಗೆ ಹೇಳಿಬಿಟ್ಟಿದ್ದೆ. ಅವರು ಬಂದದ್ದು ಅದನ್ನು ತಾಳೆ ನೋಡಲಿಕ್ಕೆ.

ನಾಚಿಕೆಪಟ್ಟು ಇಷ್ಟು ದಿನ ಮುಚ್ಚಿಟ್ಟದ್ದು ಸಾಕು, ಯಾರು ಬೇಕಾದರೂ ಓದಿಕೊಳ್ಳಲಿ. ಜನವರಿಯಲ್ಲಿ ಆ ಆಕ್ಷೇಪ ಬರೆದ ಮೇಲೆ ಆಫೀಸಿನಲ್ಲಿ ನನ್ನ ಜೊತೆ ಮಾತಾಡುವವರು ಕಡಿಮೆಯಾದರು. ಸಂಕ್ರಾಂತಿಗೆ ಬರುತ್ತೇನೆಂದು ಬರದೇ ಹೋದದ್ದೂ ಅದರಿಂದ. ಕೆಲಸ ಬಿಟ್ಟು ಬರುತ್ತೇನೆ, ಮನೆಯಲ್ಲಿ ಜಾಗವಿದೆಯಾ ಎಂದು ನಿನ್ನನ್ನು ಎದುರಿಗೇ ಕೇಳಬೇಕೆನಿಸಿತು. ಬೆಂಗಳೂರಿನಿಂದ ರಾತ್ರಿಯ ರೈಲು, ಜನರಲ್ ಬೋಗಿ. ಫೋನ್ ಆರಿಸಿ, ಕ್ಯಾಪು ಮಾಸ್ಕು ಹಾಕಿ ಬಂದೆ. ಹೆಂಡತಿಯ ಊರಿಗೆ ಬರಲು ಅದೆಲ್ಲ ಯಾಕೆ ಎಂದರೆ, ಬೇರೆ ಥರ ಪ್ರಯಾಣ ಮಾಡುವುದು ನನಗೆ ಮರೆತುಹೋಗಿದೆ.

ಕನ್ನಮ್ಮನ ಟೀ ಅಂಗಡಿಯ ಬೆಂಚಿನಲ್ಲಿ ಕೂತೆ. ಎದುರಿಗೆ ನಿನ್ನ ಪ್ರೆಸ್ಸು. ಏಣಿಯ ಮೇಲೆ ಒಬ್ಬ ಪೇಂಟರು ನಿಂತು ಕರಣೆಯಿಂದ ನನ್ನ ಹೆಸರು ಕೆರೆಯುತ್ತಿದ್ದ. ನೀನು ಕೆಳಗೆ ನಿಂತು, ಇನ್ನೂ ಅಲ್ಲೊಂದು ಚೂರು ಉಳಿದಿದೆ ಎಂದು ಬೆರಳು ತೋರಿಸುತ್ತಿದ್ದೆ. ಎರಡು ಟೀ ಕುಡಿದು ಎದ್ದೆ. ಕೇಳಬೇಕೆಂದದ್ದಕ್ಕೆ ಉತ್ತರ ಸಿಕ್ಕಿತ್ತು.

ಸಾಗರದ ಲಾಡ್ಜಿನಲ್ಲಿ ಮಲಗಿದೆ. ಮರುದಿನ ಬೆಂಗಳೂರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಹೊಳೆಬಾಗಿಲಿಗೆ ಹೋಗಿ ಲಾಂಚು ಹತ್ತಿ ಆಚೆ ದಡ ಮುಟ್ಟಿ ಈಚೆ ಬಂದೆ, ಅಷ್ಟೆ. ಮದುವೆಯಾದ ಹೊಸದರಲ್ಲಿ ಸಿಗಂದೂರಿಗೆ ಹೋಗುವಾಗ ನೀನು ಕಂಬಿ ಹಿಡಿದು ನಿಂತು, ಕಂಡ ಹಕ್ಕಿಗೆಲ್ಲ ಪ್ರಾಸ ಕಟ್ಟುತ್ತಿದ್ದೆಯಲ್ಲ, ಅದು ನೆನಪಾಯಿತು.

ಲಾಡ್ಜಿನಲ್ಲಿ ಬೇರೆ ಹೆಸರು ಬರೆಸಿದ್ದೆ, ಚಾಳಿ. ಯಾರೂ ನನ್ನನ್ನು ಗುರುತಿಸಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ನಡೆಯುವುದನ್ನು ಇಪ್ಪತ್ತು ವರ್ಷ ಕಲಿತದ್ದಕ್ಕೆ ಇದು ಬಹುಮಾನ. ಒಬ್ಬರಾದರೂ ನೋಡಿದ್ದರೆ ಸಾಕಿತ್ತು ಎಂದು ತನಿಖೆಯವರೇ ಹೇಳಿದರು.

ಇಂತಿ,
ರವೀಂದ್ರ


ಹೊಸನಗರ
18-10-2025

ಇವರಿಗೆ,

ನಾನು ನೋಡಿದೆ.

ಇದನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಹನ್ನೆರಡನೇ ತಾರೀಕು ತುಮರಿಯ ಒಂದು ಮದುವೆ ಮನೆಗೆ ಪತ್ರಿಕೆಯ ಕಟ್ಟು ಕೊಟ್ಟು ವಾಪಸು ಬರುತ್ತಿದ್ದೆ. ನಮ್ಮ ಲಾಂಚು ಹೊಳೆಬಾಗಿಲ ಕಡೆ, ಇನ್ನೊಂದು ಆಚೆ ಕಡೆ. ನಡುನೀರಿನಲ್ಲಿ ಎರಡೂ ಹತ್ತಿರ ಬಂದವು. ಎದುರಿನ ಲಾಂಚಿನಲ್ಲಿ, ಬಾಳೆಗೊನೆ ತುಂಬಿದ ಪಿಕಪ್ಪಿನ ಪಕ್ಕ ಕಂಬಿ ಹಿಡಿದು ನಿಂತಿದ್ದವರು ನೀವು. ಕ್ಯಾಪೂ ಸರಿ, ಮಾಸ್ಕೂ ಸರಿ. ಆದರೆ ಎಡಗಾಲ ಮೇಲೆ ಭಾರ ಬಿಟ್ಟು ಬಲಗಾಲ ಹಿಮ್ಮಡಿ ಎತ್ತಿ ನಿಲ್ಲುವವರು ಇನ್ನೊಬ್ಬರಿದ್ದರೆ ಅವರ ಹೆಂಡತಿ ಬಂದು ಹೇಳಲಿ. ಇಪ್ಪತ್ತು ವರ್ಷ ತರಬೇತಿ ಕೊಟ್ಟ ಸರ್ಕಾರ ನಿಮ್ಮ ಹಿಮ್ಮಡಿಯನ್ನು ಮರೆತಿದೆ.

ಕೂಗಬೇಕೆಂದು ಬಾಯಿ ತೆರೆದೆ. "ರೀ" ಎಂದರೆ ಲಾಂಚಿನ ಅರ್ಧ ಗಂಡಸರು ತಿರುಗುತ್ತಾರೆ. ಹೆಸರು ನಾಲಿಗೆಗೆ ಬರುವುದಿಲ್ಲ. ಅಷ್ಟರಲ್ಲಿ ನೀವು ಕಲಿಸಿದ್ದು ನೆನಪಾಯಿತು: ವೇಷ ಹಾಕಿದ್ದಾರೆ, ಅಂದರೆ ದೇಶದ ಕೆಲಸ. ಲಾಂಚುಗಳು ದಾಟಿಬಿಟ್ಟವು. ಆಮೇಲೆ ಕಂಡದ್ದು ನಿಮ್ಮ ಬೆನ್ನು. ಬೆನ್ನಿಗೆ ಕೂಗಬಾರದು. ದಡ ಬರುವವರೆಗೂ ಹಾಗೇ ನೋಡುತ್ತಾ ನಿಂತಿದ್ದೆ. ಕಂಡಕ್ಟರು, "ಅಕ್ಕಾ ಇಳೀತೀರಾ, ಇಲ್ಲಾ ಇನ್ನೊಂದ್ ಟ್ರಿಪ್ ಬರ್ತೀರಾ?" ಅಂದ.

ಆವತ್ತಿನಿಂದ ಅದನ್ನು ಕಟ್ಟಿಟ್ಟುಕೊಂಡಿದ್ದೆ. ಟೀವಿಯಲ್ಲಿ ಆ ತಾರೀಕು ಕೇಳಿದಾಗ, ಓಹೋ, ಇವರು ಇಲ್ಲೇ ಏನೋ ಗುಟ್ಟಿನ ಕೆಲಸಕ್ಕೆ ಬಂದಿದ್ದರು, ಅದನ್ನು ಹೇಳಲಾಗದೆ ದುಬೈಯ ಅಪವಾದ ಹೊತ್ತಿದ್ದಾರೆ ಅಂದುಕೊಂಡೆ. ಅದಕ್ಕೇ ನೋಡಿಲ್ಲ ಎಂದು ಸಹಿ ಹಾಕಿದೆ. ದೇಶವನ್ನು ಕಾಯುತ್ತಿದ್ದೇನೆ ಎಂದುಕೊಂಡು ನಿಮ್ಮನ್ನು ಮುಳುಗಿಸಿದೆ. ಬಂದದ್ದು ನನ್ನನ್ನು ನೋಡಲಿಕ್ಕೆ ಎಂಬ ಒಂದು ಕಾರಣ ಮಾತ್ರ ನನಗೆ ಹೊಳೆಯಲೇ ಇಲ್ಲ.

ಬೋರ್ಡಿನ ಹೆಸರು ಕೆರೆಸಿದ್ದು ನಾನೇ. ಸಿಟ್ಟಿನಿಂದ ಅಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸಂಕ್ರಾಂತಿಗೆ ಎರಡು ಎಲೆ ಹಾಕಿ ಒಂದನ್ನು ಎತ್ತಿದ ಮೇಲೆ, ಫೋನೆತ್ತಿ ಆ ಹೆಸರು ಹೇಳುವುದು ಕಷ್ಟವಾಯಿತು. ಕೆರೆದಾದ ಮೇಲೆ ಪೇಂಟರ್ ಹೂವಪ್ಪ ಕೇಳಿದ, "ಈಗ ಈ ಜಾಗದಲ್ಲಿ ಎಂತ ಬರೀಲಿ ಅಕ್ಕ?" "ನಾಳೆ ಹೇಳ್ತೀನಿ" ಎಂದೆ. ಇವತ್ತಿನವರೆಗೂ ಹೇಳಿಲ್ಲ. ಆ ಜಾಗ ಖಾಲಿ, ಅದರ ಪಕ್ಕ ಪ್ರಿಂಟರ್ಸ್ ಎಂದಷ್ಟೇ ಇದೆ. ಊರವರು ಬರೀ ಪ್ರಿಂಟರ್ಸ್ ಎನ್ನುತ್ತಾರೆ. ಫೋನೆತ್ತಿ ನಾನು "ಹೇಳಿ" ಎನ್ನುತ್ತೇನೆ, ಅಷ್ಟೆ. ನೀವು ಇನ್ನೊಂದು ಟೀ ಕುಡಿಯುವಷ್ಟು ಹೊತ್ತು ಕೂತಿದ್ದರೆ ಆ ಖಾಲಿ ಜಾಗವನ್ನೂ ನೋಡುತ್ತಿದ್ದಿರಿ.

ನಾಳೆ ಆ ಹಿರಿಯರಿಗೆ ಫೋನ್ ಮಾಡುತ್ತೇನೆ.

ಇವತ್ತು ಪ್ರಾಸ ಇಲ್ಲ.

ಶರಾವತಿ


ನವದೆಹಲಿ
25-10-2025

ಶರಾವತಿ,

ಫೋನ್ ಮಾಡಬೇಡ. ಸಹಿ ಹಾಕಿದ ಹೇಳಿಕೆ ಬದಲಿಸಿದರೆ ಸುಳ್ಳು ಹೇಳಿದ ಕೇಸು ನಿನ್ನ ಮೇಲೆ ಬೀಳುತ್ತದೆ. ಇಬ್ಬರೂ ಯಾಕೆ ಕೋರ್ಟು ಮೆಟ್ಟಿಲು ಹತ್ತಬೇಕು? ನನ್ನ ಕೆಲಸ ಹೇಗೂ ಉಳಿಯುವುದಿಲ್ಲ.

ನೀನು ನೋಡಿದೆ ಎಂಬ ಒಂದು ಸಾಲು ನನಗೆ ಸಾಕು. ಅದನ್ನು ಎಷ್ಟು ಸಲ ಓದಿದೆ ಎಂದು ಲೆಕ್ಕ ಇಟ್ಟಿಲ್ಲ.

ರವೀಂದ್ರ


ಹೊಸನಗರ
24-11-2025

ಇವರಿಗೆ,

ನಿಮ್ಮ ಕಾಗದ ಬರುವುದರೊಳಗೆ ಫೋನ್ ಮಾಡಿ ಆಗಿತ್ತು. ಬಂದಿದ್ದರೂ ಮಾಡುತ್ತಿದ್ದೆ. ಅವರು ಬೆಂಗಳೂರಿಗೆ ಕರೆಸಿದರು. ಕನ್ನಮ್ಮ ಟೀ ಅಂಗಡಿ ಮುಚ್ಚಿ ಜೊತೆಗೆ ಬಂದಳು.

ನಾನು ಲಾಂಚಿನದ್ದೆಲ್ಲ ಹೇಳಿದೆ. ಹಿರಿಯ ಕೇಳಿದ, "ಮೊದಲು ನೋಡಿಲ್ಲ ಅಂದ್ರಿ. ಯೋಚನೆ ಮಾಡಿಯೇ ಹೇಳ್ತಿದೀನಿ ಅಂತಲೂ ಅಂದ್ರಿ."

"ಹೌದು. ಯೋಚನೆಯೇ ತಪ್ಪಾಗಿತ್ತು."

"ಮುಖ ನೋಡಿದ್ರಾ?"

"ಹಿಮ್ಮಡಿ ನೋಡಿದೆ."

ಲ್ಯಾಪ್‌ಟಾಪಿನವನಿಗೆ ಮೊದಲ ಸಲ ಬಾಯಿ ಬಂದದ್ದು ಆಗ, ನಗಲಿಕ್ಕೆ. ಕನ್ನಮ್ಮ ನಡುವೆ ಬಿದ್ದಳು: "ನಗ್ಬೇಡಿ ಸ್ವಾಮಿ. ಆವತ್ತು ಕ್ಯಾಪಿನೋರೊಬ್ರು ಎರಡು ಟೀ ಕುಡ್ದು, ಗ್ಲಾಸ್ನ ಅವರೇ ತೊಳ್ದು ಬೋರ್ಲು ಹಾಕಿ ಹೋದ್ರು. ನಮ್ಮೂರಲ್ಲಿ ಯಾವ ಗಂಡ್ಸು ತೊಳೀತಾನೆ ಹೇಳಿ? ನಂಗೆ ಅದ್ಕೇ ನೆನಪಿರೋದು." ಗ್ಲಾಸು ತೊಳೆದದ್ದು ಸಾಕ್ಷಿ ಆಗುವುದಿಲ್ಲ ಎಂದರು. ನನಗೆ ಸಾಕಾಯಿತು. ಮದುವೆಯಾದಾಗಿನಿಂದ ಕುಡಿದ ಲೋಟ ತೊಳೆಯಲು ನನಗೆ ಬಿಟ್ಟವರಲ್ಲ ನೀವು.

ಕೊನೆಗೆ ಹಿರಿಯ, "ಹೆಂಡತಿ ಮಾತು, ಅದೂ ಬದಲಿಸಿದ ಮಾತು. ಬರ್ಕೊಳ್ತೀನಿ ಅಮ್ಮಾ, ಆದ್ರೆ ತೂಕ ಬರಲ್ಲ" ಎಂದ. ಕೇಸು ಹಾಕುವುದಿದ್ದರೆ ತಿಳಿಸುತ್ತಾರಂತೆ. ಮೊದಲ ಸಲವೇ ಹೌದು ಎಂದಿದ್ದರೆ ತೂಕ ಬರುತ್ತಿತ್ತು. ಅದೊಂದು ನನ್ನ ಎದೆಯಲ್ಲಿ ಕೂತಿದೆ.

ವಾಪಸು ಬರುವಾಗ ಸಾಗರದಿಂದ ಹೊಳೆಬಾಗಿಲಿಗೆ ಹೋಗಿದ್ದೆ, ಕನ್ನಮ್ಮನಿಗೆ ಅಲ್ಲಿನ ಹೊಸ ಸೇತುವೆ ನೋಡಬೇಕಿತ್ತು. ಬಸ್ಸು ಒಂದು ಹಾಡು ಮುಗಿಯುವುದರೊಳಗೆ ಆಚೆ ದಡಕ್ಕೆ ಒಯ್ದುಬಿಟ್ಟಿತು. ಎದುರಿನಿಂದ ಬರುವವರ ಮುಖ ಕಾಣುವುದೇ ಇಲ್ಲ.

ಲಾಂಚು ಹೋಯಿತು, ಸೇತುವೆ ಬಂತು,
ಕಾಯುವ ಕೆಲಸ ನನಗೇ ಉಳಿಯಿತು.

ನಿಮ್ಮ,
ಶರಾವತಿ


ನವದೆಹಲಿ
8-1-2026

ಪ್ರಿಯ ಶರಾವತಿ,

ಆದೇಶ ಬಂತು. ಆರೋಪ ಸಾಬೀತಾಗಿಲ್ಲ, ಸಂಶಯ ಹೋಗಿಲ್ಲ, ಆದ್ದರಿಂದ ಕಡ್ಡಾಯ ನಿವೃತ್ತಿ. ನಿನ್ನ ಮೇಲೆ ಕೇಸಿಲ್ಲ ಎಂದು ಕೊನೆಯ ಪುಟದಲ್ಲಿದೆ. ನಾನು ಮೊದಲು ಓದಿದ್ದು ಅದನ್ನೇ. ಡ್ರೋನಿನ ಖರೀದಿ ನಡೆಯಿತು. ಟೀವಿಯವರು ನನ್ನನ್ನು ಮರೆತಿದ್ದಾರೆ, ಕೆಂಪು ವೃತ್ತ ಬೇರೆ ಯಾರಿಗೋ ಸಿಕ್ಕಿದೆ.

ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ತೀರ್ಥಹಳ್ಳಿಯಲ್ಲಿ ತಮ್ಮ ಉಮೇಶ ಮಹಡಿಯ ಕೋಣೆ ಗುಡಿಸಿಟ್ಟಿದ್ದಾನೆ. ನಿನ್ನ ಹೆಸರಿನ ಮೇಲೆ ನನ್ನ ಅಪವಾದದ ನೆರಳು ಬೀಳುವುದು ಬೇಡವೆಂದರೆ ಅಲ್ಲಿಗೆ ಹೋಗುತ್ತೇನೆ, ಬೇಸರವಿಲ್ಲ. ಅಥವಾ, ಬೋರ್ಡಿನಲ್ಲಿ ಒಂದು ಜಾಗ ಖಾಲಿ ಇದೆ ಎಂದು ನೀನು ಬರೆದಿದ್ದೆ. ಅದನ್ನು ಅರ್ಜಿ ಕರೆದದ್ದೆಂದು ತಿಳಿಯಲೇ, ತಿಳಿಯಬಾರದೇ? ನನಗೀಗ ಯಾವ ಶಿಫಾರಸ್ಸೂ ಇಲ್ಲ.

ನಿನ್ನ ಹಾಗೆ ಒಂದು ಪ್ರಯತ್ನ ಮಾಡಿದೆ. ಕೆಲಸ ಹೋಯಿತು, ಕೋಟು ಉಳಿದಿದೆ. ಪ್ರಾಸ ಕೂಡಲಿಲ್ಲ, ಸರಿಮಾಡು.

ಇಂತಿ,
ರವೀಂದ್ರ


ಹೊಸನಗರ
15-1-2026

ಇವರಿಗೆ,

ನಿಮ್ಮ ಪ್ರಾಸ ತಿದ್ದಿದ್ದೇನೆ:

ಕೆಲಸ ಹೋದರೆ ಹೋಗಲಿ,
ಕೋಟು ಚಳಿಗೆ ಆಗಲಿ.

ಉಮೇಶನಿಗೆ ಫೋನ್ ಮಾಡಿ, ಆ ಕೋಣೆಯಲ್ಲಿ ಮೊದಲಿನ ಹಾಗೆ ತೆಂಗಿನಕಾಯಿ ತುಂಬಿಕೋ ಎಂದೆ. "ಅತ್ಗೆ, ನೀವು ಹೀಗಂತೀರಿ ಅಂತ್ಲೇ ಕಾಯಿ ಇನ್ನೂ ಮೆಟ್ಲ ಮೇಲೇ ಇಟ್ಟಿದೀನಿ" ಎಂದ.

ನಿನ್ನೆ ಹೂವಪ್ಪ ಬಂದ. "ಒಂದು ವರ್ಷ ಆಗ್ತಾ ಬಂತಲ್ಲ, ನಾಳೆ ಅಂದಿದ್ರಿ" ಎಂದು ಏಣಿ ಹತ್ತಿದ. ಬಣ್ಣ ಇನ್ನೂ ಹಸಿಯಾಗಿದೆ. ಹಳೆಯ ಅಕ್ಷರಕ್ಕಿಂತ ಕೊಂಚ ಸೊಟ್ಟ, ಇರಲಿ. ಇವತ್ತು ಸಂಕ್ರಾಂತಿ, ಆದರೂ ಅಂಗಡಿ ತೆರೆದು ಕೂತೆ. ಬೆಳಿಗ್ಗೆ ಮೊದಲ ಫೋನ್ ಬಂತು. "ರವೀಂದ್ರ ಪ್ರಿಂಟರ್ಸ್, ಹೇಳಿ" ಎಂದೆ. ಆ ಕಡೆಯವರು ರಾಂಗ್ ನಂಬರು. ಅವರಿಗೆ ಎರಡು ಸಲ ಹೇಳಿದೆ.

ನೀವು ಶಿವಮೊಗ್ಗದಲ್ಲಿ ಇಳಿಯಬೇಡಿ, ಆನಂದಪುರದವರೆಗೂ ಬನ್ನಿ. ಸಣ್ಣ ಸ್ಟೇಷನ್, ಜನ ಕಡಿಮೆ. ಕ್ಯಾಪು ಬೇಡ, ಮಾಸ್ಕು ಬೇಡ, ಟಿಕೆಟ್ ನಿಮ್ಮ ಹೆಸರಿನಲ್ಲೇ ಇರಲಿ. ಇಳಿದವರು ಅತ್ತಿತ್ತ ನೋಡದೆ ಗೇಟಿನ ಕಡೆ ನಡೆಯುತ್ತಾ ಹೋಗಿ. ನಾನು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ನಿಮ್ಮ ಹಿಂದೆ ಇರುತ್ತೇನೆ. ಈ ಸಲ ಕೂಗುತ್ತೇನೆ. "ರೀ" ಅಂತಲ್ಲ, ಹೆಸರು ಹಿಡಿದು. ಫೋನಿನಲ್ಲಿ ಅಭ್ಯಾಸ ಆಗುತ್ತಿದೆ.

ಹಿಂದಿನಿಂದ ಕೂಗಿದರೆ ಹೊರಟವರ ಪ್ರಯಾಣ ಅಲ್ಲಿಗೇ ನಿಂತುಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು.

ನಿಲ್ಲಲಿ.

ನಿಮ್ಮ,
ಶರಾವತಿ